ಕೊಡಗಿನ ಮಲೆಗಳಲ್ಲಿ ಮೋಗ್ಲಿಂಗ್ ಪಾದ್ರಿಗಳು

ಕನ್ನಡ ನುಡಿಗೆ ಸೇವೆ ಸಲ್ಲಿಸಿದವರನ್ನು ಎಣಿಸುವಾಗ ರೆವರೆಂಡ್ ಹರ್ಮನ್ ಮೋಗ್ಲಿಂಗರ ಹೆಸರು ಮೊದಲ ಸಾಲಿನಲ್ಲಿ ಬರುತ್ತದೆ. ಮೊದಲ ಕನ್ನಡ ವೃತ್ತಪತ್ರಿಕೆಯ ಸಂಪಾದಕರೆಂದು ಅವರನ್ನು ನಮ್ಮ ಬಾಲಿಕೆಯರೆಲ್ಲರೂ ಬಲ್ಲರು. ಆದರೆ ಅವರು ಪಟ್ಟಣವನ್ನೂ ಮುದ್ರಣಾಲಯವನ್ನೂ ಬಿಟ್ಟು, ಬೆರಳೆಣಿಕೆಯ ಮನೆಗಳ ಸಭೆಗೆ ಪಾಲಕರಾಗಿ ಮಲೆಯನ್ನೇರಿದ ಸಂಗತಿಯು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅದನ್ನೇ ಇಲ್ಲಿ ಸ್ಮರಿಸಲಿಚ್ಛಿಸುತ್ತೇವೆ.

ಮೋಗ್ಲಿಂಗರು 1811ನೆಯ ಮೇ 29ರಂದು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮಿನಲ್ಲಿ ಜನಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ದೇವಜ್ಞಾನಶಾಸ್ತ್ರವನ್ನು ವ್ಯಾಸಂಗಮಾಡಿ, ಬಾಸೆಲ್ ಮಿಷನಿನಿಂದ ಕಳುಹಿಸಲ್ಪಟ್ಟು 1836ರಲ್ಲಿ ಇಂಡಿಯಾ ದೇಶಕ್ಕೆ ಬಂದರು. ಮಂಗಳೂರಿನಲ್ಲಿ ಅವರು ಬಾಲಕರನ್ನು ತಮ್ಮೊಡನೆಯೇ ಇರಿಸಿಕೊಂಡು ಬೋಧಿಸಿದರು. 1843ನೆಯ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. 1848ರಿಂದ 1851ರವರೆಗೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವುಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಓಲೆಗರಿಗಳಲ್ಲಿದ್ದ ಸಂಪತ್ತನ್ನು ಓದುಗರ ಕೈಗಿತ್ತರು. ಅನ್ಯಮತದವರ ಗ್ರಂಥಗಳನ್ನು ಕ್ರೈಸ್ತ ಪಾದ್ರಿಯೊಬ್ಬರು ಇಷ್ಟು ಆದರದಿಂದ ಪ್ರಕಟಿಸಿದುದು ಅವರ ಹೃದಯ ವೈಶಾಲ್ಯಕ್ಕೆ ಸಾಕ್ಷಿ.

1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣರಾದ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿ ಗುರುವಿನ ಹೆಸರನ್ನೂ ಧರಿಸಿ ಹರ್ಮನ್ ಆನಂದರಾವ್ ಎನಿಸಿದರು. ಆಗ ಪಟ್ಟಣದಲ್ಲಿ ದೊಡ್ಡ ಗಲಭೆಯಾಯಿತು. 1846ರಲ್ಲಿ ಮೋಗ್ಲಿಂಗರೊಡನೆ ಯುರೋಪಿಗೆ ಹೋದ ಈ ಶಿಷ್ಯರು, ಬಾಸೆಲ್ಲಿನಲ್ಲಿ ಶಿಕ್ಷಣ ಪಡೆದು 1851ರಲ್ಲಿ ಗುರುದೀಕ್ಷೆಯನ್ನು ಹೊಂದಿದರು. ಈ ಮಿಷನಿನಲ್ಲಿ ಆ ಪದವಿಗೇರಿದ ಭಾರತೀಯರಲ್ಲಿ ಅವರೇ ಮೊದಲಿಗರು.

ಇಷ್ಟೆಲ್ಲ ನಡೆದ ಮೇಲೆ ಕೀರ್ತಿಯೂ ಕಾರ್ಯವೂ ಮಂಗಳೂರಿನಲ್ಲಿಯೇ ಇದ್ದವು. ಆದರೆ ಕೊಡಗಿನ ಸೋಮಯ್ಯನೆಂಬ ಕೊಡವ ಗೃಹಸ್ಥನು ಉಪದೇಶವನ್ನರಸಿ ಬರಲು, ಮೋಗ್ಲಿಂಗರು 1853ರಲ್ಲಿ ಘಟ್ಟವನ್ನೇರಿ ಅಲ್ಮಂಡದಲ್ಲಿ ನೆಲಸಿದರು. ಆಗ ಅವರ ವಯಸ್ಸು ನಾಲ್ವತ್ತನ್ನು ದಾಟಿತ್ತು. ಸೋಮಯ್ಯನು ಸ್ತೆಫಾನನೆಂಬ ಹೆಸರಿನಿಂದ ದೀಕ್ಷಾಸ್ನಾನ ಹೊಂದಿದನು. ಮನೆತನವೇ ಸರ್ವಸ್ವವಾಗಿರುವ ಆ ನಾಡಿನಲ್ಲಿ ಕುಲದವರ ಸಂಗವನ್ನು ಕಳೆದುಕೊಳ್ಳುವುದೆಂದರೆ ಬೇರು ಕಿತ್ತಂತೆಯೇ ಸರಿ. ಮುಂದೆ ಗದ್ದೆಗಳಲ್ಲಿ ಆಳಾಗಿ ದುಡಿಯುತ್ತ, ಅಸ್ಪೃಶ್ಯರೆನಿಸಿಕೊಂಡಿದ್ದ ಬಡವರೂ ಸಭೆಯನ್ನು ಸೇರಿದರು. ಅವರಿಗಾಗಿ ಆನಂದಪುರದಲ್ಲಿ ಒಕ್ಕಲುಗಳುಳ್ಳ ಕ್ರೈಸ್ತ ಗ್ರಾಮವು ಬೆಳೆಯಿತು. ಅಲ್ಲಿ ಶಿಷ್ಯರಾದ ಕೌಂಡಿನ್ಯರೇ 1893ರಲ್ಲಿ ತೀರಿಕೊಳ್ಳುವವರೆಗೂ ಬಹುಕಾಲ ಶ್ರಮಿಸಿದರು. ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರು ಆಳುಮಕ್ಕಳ ಪಾಲಕರಾದುದು ಅಲ್ಪವಾದ ಮಾರ್ಪಾಡೆ?

ನಮ್ಮ ಸಕಲೇಶಪುರ ಆಲೂರುಗಳ ಮಲೆಸಾಲು ದಕ್ಷಿಣಕ್ಕೆ ಮುಂದುವರಿದು ಕೊಡಗನ್ನು ಸೇರುತ್ತದೆ. ಅದೇ ಮಳೆ, ಅದೇ ಜಿಗಣೆ, ಅದೇ ಕಾಫಿಯ ಕಾಡು. ಹಾಸನ ಸೀಮೆಯಲ್ಲಿ ವೆಸ್ಲಿಯನ್ ಮಿಷನ್ ಸೇವೆ ಸಲ್ಲಿಸಿದರೆ ಕೊಡಗಿನಲ್ಲಿ ಬಾಸೆಲ್ಲಿನವರು ಸೇವೆಗೈದರು. ಮಿಷನ್ ಯಾವುದಾದರೇನು? ಒಂದು ಮನೆಯಿಂದ ಇನ್ನೊಂದಕ್ಕೆ ಗಾವುದ ದೂರ ನಡೆಯಬೇಕಾದ ಕಡೆಯಲ್ಲಿ ಸಭೆಯನ್ನು ಕಾಯುವ ಕಷ್ಟವು ಒಂದೇ ಎಂಬುದನ್ನು ಈ ಮಲೆಗಳಿಂದ ಬಂದ ತಾಯ್ತಂದೆಗಳು ಚೆನ್ನಾಗಿ ಬಲ್ಲರು.

ಮೋಗ್ಲಿಂಗರು 1855ರಲ್ಲಿ ಕೊಡಗಿನ ಇತಿಹಾಸವನ್ನೂ ಜನಜೀವನವನ್ನೂ ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಹೊರಡಿಸಿದರು. ಅದೇ ವರ್ಷ ಅವರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ವೈಗ್ಲೆಯವರು ಕಾಲವಾದರು. ಅವರ ಪತ್ನಿ ಪೌಲೀನರನ್ನು ಮೋಗ್ಲಿಂಗರು ಅನಂತರ ವಿವಾಹವಾಗಿ, ತಂದೆಯಿಲ್ಲದ ಮಕ್ಕಳಿಗೆ ತಂದೆಯಾದರು. ಆ ಮಹಿಳೆಯು ಮಲೆಯ ಮನೆಯ ಒಂಟಿತನವನ್ನು ಪತಿಯೊಡನೆ ಹಂಚಿಕೊಂಡಳು. ಪಾದ್ರಿಯ ಹೆಸರು ಉಳಿಯುವಲ್ಲಿ ಪತ್ನಿಯ ಶ್ರಮವು ಮರೆಯಾಗುವುದು ಲೋಕರೂಢಿ. ನಮ್ಮ ಶಾಲೆಯ ಮಕ್ಕಳಾದರೂ ಅದನ್ನು ಮರೆಯಬಾರದು.

1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. 1860ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿದರು. ಅಲ್ಲಿಯೂ ಕನ್ನಡವನ್ನು ಬಿಡದೆ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿದರು. 1881ನೆಯ ಮೇ 10ರಂದು ಎಸ್ಲಿಂಗೆನ್ನಿನಲ್ಲಿ ಅವರ ಆಯುಸ್ಸು ಮುಗಿಯಿತು.

ಕೊಡಗಿನಲ್ಲಿ ಅವರು ಕಳೆದ ಏಳೆಂಟು ವರ್ಷಗಳ ಫಲವನ್ನು ತಲೆಯೆಣಿಸಿ ನೋಡಿದರೆ ಅದು ಅಲ್ಪವೆಂದೇ ತೋರೀತು. ಆದರೆ ಕುರುಬನಿಗೆ ಹಿಂಡಿನ ಗಾತ್ರವು ಅಳತೆಗೋಲಲ್ಲ. ಸಾವಿರಾರು ಓದುಗರಿಗಾಗಿ ದುಡಿದ ಕೈಗಳೇ ಒಂದು ಮನೆಯ ಕರೆಗೂ ಓಗೊಟ್ಟವು. ನಮ್ಮ ಶಾಲೆಯಿಂದ ಹೊರಟು ಸಣ್ಣ ಹಳ್ಳಿಗಳಲ್ಲಿ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಗೃಹಿಣಿಯರಾಗಿಯೂ ಇರುವ ಸಹೋದರಿಯರೇ, ನಿಮ್ಮ ಕೆಲಸವು ಕಿರಿದೆಂದು ಮನಸ್ಸು ಕುಗ್ಗಿದಾಗ ಅಲ್ಮಂಡದ ಈ ಪಾದ್ರಿಯನ್ನು ನೆನೆದುಕೊಳ್ಳಿರಿ.