ಗಾಳಿಯಲ್ಲಿ ನಿಂತ ಅಕ್ಷತೆ ಮತ್ತು ಹೆರಾಲ್ಡ್ ಎಡ್ಜರ್ಟನ್

ಡಿಪ್ಲೊಮಾ ಮುಗಿಸಿ ಎರಡು ವರ್ಷವಾಯಿತು. ಅರ್ಜಿ ಹಾಕುವುದು, ಪರೀಕ್ಷೆ ಬರೆಯುವುದು, ಫಲಿತಾಂಶಕ್ಕೆ ಕಾಯುವುದು ನಡೆದೇ ಇದೆ. ಮದುವೆ ಸೀಸನ್ ಬಂತೆಂದರೆ ಚಿತ್ತಾಪುರ, ಸೇಡಂ, ವಾಡಿ ಸುತ್ತಲಿನ ಕಲ್ಯಾಣ ಮಂಟಪಗಳಿಗೆ ಫೋಟೊಗ್ರಾಫರ್ ಒಬ್ಬರ ಸಹಾಯಕನಾಗಿ ಹೋಗುತ್ತೇನೆ. ಫ್ಲ್ಯಾಶ್ ಲೈಟಿನ ಸ್ಟ್ಯಾಂಡ್ ಹಿಡಿದು ನಿಲ್ಲುವುದು ನನ್ನ ಕೆಲಸ. ಹೋದ ವರ್ಷ ಒಂದು ಮದುವೆಯಲ್ಲಿ ತೆಗೆದ ಚಿತ್ರವನ್ನು ಕ್ಯಾಮೆರಾದ ಪರದೆಯ ಮೇಲೆ ನೋಡಿ ಬೆರಗಾದೆ. ವಧು-ವರರ ತಲೆಯ ಮೇಲೆ ಅಕ್ಷತೆಯ ಕಾಳುಗಳು ಗಾಳಿಯಲ್ಲಿ ಹಾಗೇ ನಿಂತುಬಿಟ್ಟಿದ್ದವು. ಒಂದೊಂದು ಕಾಳಿನ ಅರಿಶಿನವೂ ಕಾಣುತ್ತಿತ್ತು. ಬೀಳುವ ಕಾಳನ್ನು ನಿಲ್ಲಿಸಿದ್ದು ಕ್ಯಾಮೆರಾವೋ ಬೆಳಕೋ ಎಂದು ಕೇಳಿದೆ. ಬೆಳಕು ಎಂದರು. ಅದು ಹೇಗೆ ಎಂದು ಹುಡುಕುತ್ತಾ ಹೋದಾಗ ಸಿಕ್ಕವರು ಹೆರಾಲ್ಡ್ ಎಡ್ಜರ್ಟನ್.

ಎಡ್ಜರ್ಟನ್ ಹುಟ್ಟಿದ್ದು 1903ರ ಏಪ್ರಿಲ್ 6ರಂದು, ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ. ವಿದ್ಯುತ್ ಆಗಿನ್ನೂ ಜಗತ್ತಿಗೇ ಹೊಸದು. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಬೆಳಗಿದ್ದು 1905ರಲ್ಲಿ. ಎಡ್ಜರ್ಟನ್ ಹುಟ್ಟಿದ್ದು ಈ ಎರಡು ಘಟನೆಗಳ ನಡುವೆ.

ಅವರು ಬೆಳೆದದ್ದು ಅರೋರಾ ಎಂಬ ಪುಟ್ಟ ಊರಿನಲ್ಲಿ. ಸುತ್ತಲೂ ಹೊಲಗಳು. ಶಾಲೆಗೆ ರಜೆ ಬಂದರೆ ಹುಡುಗ ಊರಿನ ವಿದ್ಯುತ್ ಕಂಪನಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಮೊದಲು ಕಸ ಗುಡಿಸುವ ಕೆಲಸ, ಆಮೇಲೆ ಕಂಬ ಹತ್ತಿ ತಂತಿ ಸರಿಪಡಿಸುವವರ ಜೊತೆ ಓಡಾಟ. ಸ್ಟುಡಿಯೊ ಫೋಟೊಗ್ರಾಫರ್ ಆಗಿದ್ದ ಚಿಕ್ಕಪ್ಪ ರಾಲ್ಫ್ ಅವನಿಗೆ ಫೋಟೊ ತೆಗೆಯುವುದನ್ನೂ ತೊಳೆಯುವುದನ್ನೂ ಕಲಿಸಿದರು. ಹೀಗೆ ಹದಿನೈದು ಹದಿನಾರರ ವಯಸ್ಸಿಗೇ ವಿದ್ಯುತ್ತು, ಕ್ಯಾಮೆರಾ ಎರಡೂ ಅವನ ಕೈಗೆ ಬಂದಿದ್ದವು. ಅವೆರಡೂ ಮುಂದೆ ಒಂದಾಗುತ್ತವೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

1925ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಒಂದು ವರ್ಷ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸ ಮಾಡಿ, ನಂತರ ಬಾಸ್ಟನ್ ಪಕ್ಕದ ಎಂಐಟಿ ಸೇರಿದರು. ಅಲ್ಲಿ ಸಿಕ್ಕ ವಿಷಯ ಸಿಂಕ್ರನಸ್ ಮೋಟರ್. ವಿದ್ಯುತ್ ಪೂರೈಕೆಯ ಆವರ್ತನಕ್ಕೆ ಹೆಜ್ಜೆ ಹಾಕಿ ತಿರುಗುವ ಮೋಟರ್ ಇದು. ಲೈನಿಗೆ ಸಿಡಿಲು ಬಡಿದಾಗಲೋ, ಹೊರೆ ಒಮ್ಮೆಲೇ ಏರಿದಾಗಲೋ ಇದರ ಹೆಜ್ಜೆ ತಪ್ಪುತ್ತದೆ. ಆ ಗಳಿಗೆಯಲ್ಲಿ ಒಳಗಿನ ರೋಟರ್ ಎಷ್ಟು ಕೋನ ಹಿಂದೆ ಬೀಳುತ್ತದೆ ಎಂಬುದನ್ನು ಅವರು ಅಳೆಯಬೇಕಿತ್ತು. ಗಿರಗಿರ ತಿರುಗುವುದನ್ನು ಕಣ್ಣಿನಿಂದ ಅಳೆಯುವುದು ಹೇಗೆ?

ಉತ್ತರ ಸಿಕ್ಕಿದ್ದು ಮೋಟರಿನಲ್ಲಲ್ಲ, ಅದರ ಪಕ್ಕದಲ್ಲಿದ್ದ ಪಾದರಸದ ಆವಿಯ ಕೊಳವೆಯಲ್ಲಿ. ಪ್ರಯೋಗಕ್ಕೆಂದು ಇಟ್ಟಿದ್ದ ಆ ಕೊಳವೆ ವಿದ್ಯುತ್ತಿನ ಲಯಕ್ಕೆ ಮಿನುಗುತ್ತಿತ್ತು. ಆ ಮಿನುಗಿನಲ್ಲಿ ತಿರುಗುತ್ತಿದ್ದ ರೋಟರ್ ನಿಂತಂತೆ ಕಂಡಿತು. ಪ್ರತಿ ಸಲ ಬೆಳಕು ಬಿದ್ದಾಗಲೂ ರೋಟರ್ ಒಂದು ಸುತ್ತು ಮುಗಿಸಿ ಅದೇ ಜಾಗಕ್ಕೆ ಬಂದಿರುತ್ತಿತ್ತು. ನಡುವಿನ ಕತ್ತಲೆಯಲ್ಲಿ ಅದು ತಿರುಗಿದ್ದು ಕಣ್ಣಿಗೆ ಕಾಣುತ್ತಿರಲಿಲ್ಲ.

ಐಟಿಐ, ಡಿಪ್ಲೊಮಾ ಓದಿದ ಗೆಳೆಯರಿಗೆ ಇದು ಹೊಸದಲ್ಲ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ವರ್ಕ್‌ಶಾಪಿನಲ್ಲಿ ಆ ಬೆಳಕಿನ ಕೆಳಗೆ ಗ್ರೈಂಡರ್ ತಿರುಗುತ್ತಿದ್ದರೆ ಅದರ ಮೇಲಿನ ಚಾಕ್ ಗುರುತು ನಿಂತಂತೆಯೋ, ಮೆಲ್ಲಗೆ ಹಿಂದಕ್ಕೆ ಜಾರುವಂತೆಯೋ ಕಾಣಬಹುದು. ಯಂತ್ರ ನಿಂತಿದೆ ಎಂದು ನಂಬಿ ಕೈ ಇಟ್ಟರೆ ಬೆರಳು ಹೋದೀತು. ಅದಕ್ಕೇ ಟ್ಯೂಬ್‌ಲೈಟುಗಳನ್ನು ಬೇರೆ ಬೇರೆ ಫೇಸ್‌ಗೆ ಹಂಚಿ ಜೋಡಿಸಬೇಕು ಎಂದು ನಮಗೆ ಕಲಿಸುತ್ತಾರೆ. ನಾವು ಅಪಾಯ ಎಂದು ಓದಿ ಬಿಟ್ಟದ್ದನ್ನೇ ಎಡ್ಜರ್ಟನ್ ಉಪಕರಣ ಮಾಡಿಕೊಂಡರು.

ಮಿನುಗಿನ ವೇಗವನ್ನು ಬೇಕಾದಂತೆ ಹೊಂದಿಸಬಲ್ಲ ಸ್ಟ್ರೋಬೋಸ್ಕೋಪ್ ತಯಾರಿಸಿ, 1931ರಲ್ಲಿ ಡಾಕ್ಟರೇಟ್ ಪಡೆದರು. ವಿದ್ಯಾರ್ಥಿಯಾಗಿದ್ದ ಕೆನೆತ್ ಜರ್ಮೆಶಾಸೆನ್, ಆಮೇಲೆ ಹರ್ಬರ್ಟ್ ಗ್ರಿಯರ್ ಜೊತೆಯಾದರು. ಮೂವರೂ ಕಾರ್ಖಾನೆಗಳ ತೊಂದರೆಗಳನ್ನು ಬಿಡಿಸಲು ಹೊರಟರು. ಎಲ್ಲಿ ಬೆಲ್ಟ್ ಜಾರುತ್ತದೆ, ಯಾವ ಶಾಫ್ಟ್ ಅದುರುತ್ತದೆ ಎಂಬುದನ್ನು ಯಂತ್ರ ನಿಲ್ಲಿಸದೆಯೇ ನೋಡಬಹುದಾಯಿತು. ವೇಗವಾಗಿ ತಿರುಗುವ ಯಂತ್ರಗಳಿರುವ ಕಡೆಗಳಲ್ಲಿ ಇಂದಿಗೂ ಸ್ಟ್ರೋಬ್ ಲೈಟ್ ಬಳಕೆಯಲ್ಲಿದೆ. ಹಳೆಯ ಪೆಟ್ರೋಲ್ ಎಂಜಿನ್ ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಟೈಮಿಂಗ್ ಲೈಟ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಒಮ್ಮೆ ಸಹೋದ್ಯೋಗಿಯೊಬ್ಬರು, ಜಗತ್ತಿನಲ್ಲಿ ಚಲಿಸುವುದು ಮೋಟರ್ ಒಂದೇ ಅಲ್ಲವಲ್ಲ ಎಂಬರ್ಥದ ಮಾತು ಹೇಳಿದರು. ಅದು ಎಡ್ಜರ್ಟನ್ ಮನಸ್ಸಿಗೆ ನಾಟಿತು. ಪ್ರಯೋಗಾಲಯದ ನಲ್ಲಿ ತಿರುಗಿಸಿ ಬೀಳುವ ನೀರಿನ ಚಿತ್ರ ತೆಗೆದರು. ಕಣ್ಣಿಗೆ ನಯವಾದ ಧಾರೆಯಂತೆ ಕಾಣುವ ನೀರು ಚಿತ್ರದಲ್ಲಿ ಗಾಜಿನ ಶಿಲ್ಪದ ಹಾಗೆ ಬಳುಕಿ, ಹನಿಹನಿಯಾಗಿ ಒಡೆದಿತ್ತು.

ಹಾಗಾದರೆ ಅದಕ್ಕೂ ಮೊದಲು ಫ್ಲ್ಯಾಶ್ ಇರಲಿಲ್ಲವೇ? ಇತ್ತು. 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಬೆರೆಸಿದ ಫ್ಲ್ಯಾಶ್ ಪುಡಿ ಬಂತು. ತಟ್ಟೆಯಲ್ಲಿಟ್ಟು ಹೊತ್ತಿಸಿದರೆ ಭಗ್ಗೆಂದು ಉರಿದು ಕೋಣೆಯೆಲ್ಲ ಹೊಗೆ ತುಂಬುತ್ತಿತ್ತು, ಕೈಮುಖ ಸುಡುವ ಭಯವೂ ಇತ್ತು. 1930ರ ಹೊತ್ತಿಗೆ ಗಾಜಿನ ಬುರುಡೆಯೊಳಗೆ ಲೋಹದ ಹಾಳೆ ಉರಿಯುವ ಫ್ಲ್ಯಾಶ್ ಬಲ್ಬ್ ಬಂದು ಹೊಗೆ ತಪ್ಪಿತು. ಆದರೆ ಒಂದು ಚಿತ್ರಕ್ಕೆ ಒಂದು ಬಲ್ಬ್, ಉರಿದ ಮೇಲೆ ಕಸದ ಬುಟ್ಟಿಗೆ. ಅದರ ಬೆಳಕೂ ಗುಂಡನ್ನೋ ಹನಿಯನ್ನೋ ನಿಲ್ಲಿಸುವಷ್ಟು ಚುರುಕಾಗಿರಲಿಲ್ಲ. ವಿದ್ಯುತ್ ಕಿಡಿಯ ಬೆಳಕಿನಲ್ಲಿ ಚಿತ್ರ ತೆಗೆಯುವುದೂ ಹಳೆಯ ವಿದ್ಯೆಯೇ. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1851ರಲ್ಲೇ ತಿರುಗುವ ಚಕ್ರಕ್ಕೆ ಅಂಟಿಸಿದ ಪತ್ರಿಕೆಯ ಹಾಳೆಯನ್ನು ಕಿಡಿಯ ಬೆಳಕಿನಲ್ಲಿ ಸೆರೆಹಿಡಿದಿದ್ದರು. ಆದರೆ ಕಿಡಿಯ ಬೆಳಕು ತೀರಾ ಕಡಿಮೆ, ಬಳಸುವುದೂ ಕಷ್ಟ. ಎಲ್ಲದಕ್ಕೂ ತಾನೇ ಮೊದಲಿಗ ಎಂಬ ಹೆಗ್ಗಳಿಕೆ ಎಡ್ಜರ್ಟನ್ ಅವರದಲ್ಲ. ಹಳೆಯ ಕಿಡಿಯನ್ನು ಪ್ರಖರವಾಗಿಸಿ, ಹೇಳಿದ ಗಳಿಗೆಗೆ ಹೊತ್ತುವಂತೆ, ಮತ್ತೆ ಮತ್ತೆ ಬಳಸುವಂತೆ ಮಾಡಿದ್ದು ಅವರ ಸಾಧನೆ.

ಅದರ ಕೆಲಸ ಹೀಗೆ: ಬ್ಯಾಟರಿಯೋ ವಿದ್ಯುತ್ ಲೈನೋ ಕೆಪಾಸಿಟರ್ ಎಂಬ ಬಿಡಿಭಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ವಿದ್ಯುದಾವೇಶ ತುಂಬುತ್ತದೆ. ಕೆಪಾಸಿಟರಿನ ಎರಡು ತುದಿಗಳ ನಡುವೆ ಅನಿಲ ತುಂಬಿದ ಗಾಜಿನ ಕೊಳವೆ. ಮಾಮೂಲಿಯಾಗಿ ಅನಿಲದಲ್ಲಿ ವಿದ್ಯುತ್ ಹರಿಯದು. ಕೊಳವೆಯ ಹೊರಗೆ ಸುತ್ತಿದ ತಂತಿಗೆ ಸಾವಿರಾರು ವೋಲ್ಟಿನ ಒಂದು ಚಿಕ್ಕ ಪೆಟ್ಟು ಕೊಟ್ಟರೆ ಒಳಗಿನ ಅನಿಲ ಅಯಾನುಗಳಾಗಿ ದಾರಿ ತೆರೆಯುತ್ತದೆ. ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಗೇ ನುಗ್ಗಿ ಕಣ್ಣು ಕೋರೈಸುವ ಬೆಳಕಾಗುತ್ತದೆ. ಸೆಕೆಂಡುಗಟ್ಟಲೆ ತುಂಬಿದ್ದು ಸೆಕೆಂಡಿನ ಸಾವಿರದ, ಲಕ್ಷದ ಒಂದು ಭಾಗದಲ್ಲಿ ಖಾಲಿ. ಮೊದಲು ಪಾದರಸದ ಆವಿ, ಆಮೇಲೆ ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳು ಬಳಕೆಗೆ ಬಂದವು. ಹಗಲಿನ ಬೆಳಕಿಗೆ ಹತ್ತಿರವಾದ ಬಿಳುಪು ಕೊಡುವ ಕ್ಸೆನಾನ್ ಬಣ್ಣದ ಚಿತ್ರಗಳಿಗೆ ಒಗ್ಗಿತು. ಕತ್ತಲೆಯಲ್ಲಿ ಕ್ಯಾಮೆರಾದ ಬಾಗಿಲು ಎಷ್ಟು ಹೊತ್ತು ತೆರೆದಿದ್ದರೂ ಚಿತ್ರ ಮೂಡುವುದು ಬೆಳಕು ಇದ್ದಷ್ಟು ಹೊತ್ತು ಮಾತ್ರ. ಆ ಮದುವೆಯ ಅಕ್ಷತೆ ನಿಂತದ್ದು ಹೀಗೆ.

ಈ ಬೆಳಕಿನಲ್ಲಿ ಎಡ್ಜರ್ಟನ್ ತೆಗೆದ ಚಿತ್ರಗಳನ್ನು ನಾವೆಲ್ಲ ಎಲ್ಲೋ ನೋಡಿರುತ್ತೇವೆ, ತೆಗೆದವರ ಹೆಸರು ಮಾತ್ರ ತಿಳಿದಿರುವುದಿಲ್ಲ. ತಟ್ಟೆಗೆ ಬಿದ್ದ ಹಾಲಿನ ಹನಿ ಕಿರೀಟದಂತೆ ಚಿಮ್ಮುವ ಚಿತ್ರ ಅವರದು. ಅದಕ್ಕಾಗಿ ಅವರು ವರ್ಷಗಟ್ಟಲೆ ಹನಿಗಳನ್ನು ಬೀಳಿಸಿದರು. 1936ರ ಕಪ್ಪು ಬಿಳುಪಿನ ಚಿತ್ರ ಮರುವರ್ಷವೇ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನದಲ್ಲಿ ಸ್ಥಾನ ಪಡೆಯಿತು. ಅಷ್ಟಕ್ಕೆ ತೃಪ್ತಿಯಾಗದೆ 1957ರಲ್ಲಿ ಬಣ್ಣದಲ್ಲಿ ಮತ್ತೆ ತೆಗೆದರು. 1964ರಲ್ಲಿ ಸೇಬನ್ನು ತೂರಿ ಹೊರಬಂದ ಗುಂಡಿನ ಚಿತ್ರ ಬಂತು. ಗುಂಡಿನ ಸದ್ದನ್ನು ಮೈಕ್ರೊಫೋನ್ ಗ್ರಹಿಸಿ ಫ್ಲ್ಯಾಶ್ ಹೊತ್ತಿಸುವ ವ್ಯವಸ್ಥೆ ಅದು. ಬೆಳಕು ಇದ್ದದ್ದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ರೆಕ್ಕೆ ಕಾಣದಂತೆ ಬಡಿಯುವ ಹಮ್ಮಿಂಗ್‌ಬರ್ಡ್ ಹಕ್ಕಿಯ ರೆಕ್ಕೆಯೂ ಅವರ ಬೆಳಕಿನಲ್ಲಿ ನಿಂತಿತು. ಅವರ ಕೆಲಸದ ಬಗ್ಗೆ ತಯಾರಾದ ಕಿರುಚಿತ್ರವೊಂದಕ್ಕೆ ಆಸ್ಕರ್ ಕೂಡ ಬಂತು. 1940ರ ಹೊತ್ತಿಗೆ ಕೊಡಕ್ ಕಂಪನಿ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಸ್ಟುಡಿಯೊಗಳಿಗೆ ಮಾರತೊಡಗಿತು.

ಎರಡನೆಯ ಮಹಾಯುದ್ಧ ಬಂದಾಗ ಈ ದೀಪ ವಿಮಾನ ಏರಿತು. ರಾತ್ರಿ ಶತ್ರುವಿನ ಚಲನವಲನ ತಿಳಿಯಲು ವಿಮಾನದ ಹೊಟ್ಟೆಯಲ್ಲಿ ಭಾರಿ ಕೆಪಾಸಿಟರುಗಳನ್ನಿಟ್ಟು ನೆಲಕ್ಕೆ ಬೆಳಕು ಚೆಲ್ಲುವ ವ್ಯವಸ್ಥೆಯನ್ನು ಎಡ್ಜರ್ಟನ್ ಕಟ್ಟಿದರು. ಇಂಗ್ಲೆಂಡಿನ ಪುರಾತನ ಕಲ್ಲುಗಳ ವೃತ್ತ ಸ್ಟೋನ್‌ಹೆಂಜ್‌ ಮೇಲೆ ರಾತ್ರಿ ಅದನ್ನು ಪರೀಕ್ಷಿಸಿದರು. 1944ರ ಜೂನ್‌ನಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿಯುವ ಹಿಂದಿನ ರಾತ್ರಿ ಇದೇ ಬೆಳಕಿನಲ್ಲಿ ಆ ಪ್ರದೇಶದ ಚಿತ್ರಗಳನ್ನು ತೆಗೆಯಲಾಯಿತು.

ಯುದ್ಧದ ನಂತರ 1947ರಲ್ಲಿ ಮೂವರು ಗೆಳೆಯರೂ ಸೇರಿ ತಮ್ಮ ಹೆಸರಿನ ಮೊದಲಕ್ಷರಗಳ ಇಜಿ ಅಂಡ್ ಜಿ ಕಂಪನಿ ಸ್ಥಾಪಿಸಿದರು. ಅದರ ಮುಖ್ಯ ಕೆಲಸ ಅಣುಬಾಂಬ್ ಪರೀಕ್ಷೆಗಳದು. ಗಳಿಗೆಗೆ ಸರಿಯಾಗಿ ಬಾಂಬ್ ಸ್ಫೋಟಿಸುವ ವಿದ್ಯುತ್ ವ್ಯವಸ್ಥೆ, ಸ್ಫೋಟದ ಮೊದಲ ಕ್ಷಣದ ಚಿತ್ರ ತೆಗೆಯುವ ವಿಶೇಷ ಕ್ಯಾಮೆರಾ ಎರಡನ್ನೂ ಅವರು ಒದಗಿಸಿದರು. ಆ ಚಿತ್ರಗಳಲ್ಲಿ ಬೆಂಕಿಯ ಉಂಡೆ ವಿಕಾರವಾಗಿ ಉಬ್ಬಿ ನಿಂತಿರುತ್ತದೆ. ಹಾಲಿನ ಹನಿಯ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ. ಜೀವನಚರಿತ್ರೆ ಬರೆಯುವಾಗ ಈ ಪುಟ ಹಾರಿಸಿಬಿಡೋಣ ಎಂದು ನನಗೂ ಅನಿಸಿತು. ಆದರೆ ಅದು ಸರಿಯಲ್ಲ. ಕೈಯಲ್ಲಿ ವಿದ್ಯೆ ಇರುವವನನ್ನು ಹುಡುಕಿಕೊಂಡು ಎಲ್ಲ ಬಗೆಯ ಕೆಲಸಗಳೂ ಬರುತ್ತವೆ. ಯಾವುದಕ್ಕೆ ಒಪ್ಪುವುದು ಎಂಬ ಪ್ರಶ್ನೆ ಕೆಲಸ ಸಿಗುವವರೆಗೆ ನಮಗೆ ದೊಡ್ಡದಾಗಿ ಕಾಣುವುದಿಲ್ಲ. ಸಿಕ್ಕ ಮೇಲೆ ಅದೇ ದೊಡ್ಡ ಪ್ರಶ್ನೆ.

1953ರಿಂದ ಅವರು ಫ್ರಾನ್ಸಿನ ಸಮುದ್ರ ಸಂಶೋಧಕ ಜಾಕ್ ಕುಸ್ಟೊ ಜೊತೆ ಸೇರಿ ಕಡಲಾಳಕ್ಕೆ ಫ್ಲ್ಯಾಶ್ ಇಳಿಸಿದರು. ಸೂರ್ಯನ ಬೆಳಕೇ ತಲುಪದ, ನೀರಿನ ಒತ್ತಡಕ್ಕೆ ಗಾಜು ಪುಡಿಯಾಗುವ ಜಾಗ ಅದು. ದಪ್ಪ ಲೋಹದ ಕವಚದೊಳಗೆ ಕ್ಯಾಮೆರಾ, ದೀಪ ಇಟ್ಟು ಅಟ್ಲಾಂಟಿಕ್ ಸಾಗರದ ಕಂದಕದ ತಳದವರೆಗೂ ಚಿತ್ರ ತೆಗೆದರು. ಹಡಗಿನವರು ಪ್ರೀತಿಯಿಂದ ಇಟ್ಟ ಅಡ್ಡಹೆಸರು ಪಾಪಾ ಫ್ಲ್ಯಾಶ್. ಬೆಳಕು ಸಾಲದ ಕಡೆ ಶಬ್ದ ಬಳಸಿದರು. ಅವರು ಬೆಳೆಸಿದ ಸೈಡ್ ಸ್ಕ್ಯಾನ್ ಸೋನಾರ್ ತಂತ್ರದಿಂದ, ಅಮೆರಿಕದ ಅಂತರ್ಯುದ್ಧ ಕಾಲದಲ್ಲಿ ಮುಳುಗಿದ್ದ ಮಾನಿಟರ್ ಹಡಗು 1973ರಲ್ಲಿ ಪತ್ತೆಯಾಯಿತು. ಆಗ ಅವರಿಗೆ ಎಪ್ಪತ್ತು ವರ್ಷ.

ನಲವತ್ತಕ್ಕೂ ಹೆಚ್ಚು ಪೇಟೆಂಟ್, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಎಲ್ಲವೂ ಬಂದವು. ಆದರೂ ಎಂಐಟಿಯ ಹುಡುಗರಿಗೆ ಅವರು ಕೊನೆಯವರೆಗೂ ಡಾಕ್ ಅಷ್ಟೇ. ಪ್ರಯೋಗಾಲಯಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಬಂದವರ ಕೈಗೆ ಹಾಲಿನ ಹನಿಯ ಪೋಸ್ಟ್‌ಕಾರ್ಡ್ ಕೊಟ್ಟು ಕಳಿಸುತ್ತಿದ್ದರು. ಎಲೆಕ್ಟ್ರಾನಿಕ್ ಫ್ಲ್ಯಾಶ್ ಕುರಿತು ತಿಳಿದದ್ದನ್ನೆಲ್ಲ ಪುಸ್ತಕವಾಗಿ ಬರೆದರು. 1968ರಲ್ಲಿ ನಿವೃತ್ತರಾದರೂ ಪ್ರಯೋಗಾಲಯ ಬಿಡಲಿಲ್ಲ. 1990ರ ಜನವರಿ 4ರಂದು ಎಂಐಟಿಯ ಆವರಣದಲ್ಲೇ, ಮಧ್ಯಾಹ್ನದ ಊಟದ ಹೊತ್ತಿಗೆ ಹೃದಯಾಘಾತದಿಂದ ತೀರಿಕೊಂಡರು. ಅವರು ಬೆಳೆದ ಅರೋರಾದಲ್ಲಿ ಈಗ ಮಕ್ಕಳು ಮುಟ್ಟಿ, ಆಡಿ ಕಲಿಯುವ ವಿಜ್ಞಾನ ಕೇಂದ್ರ ಅವರ ಹೆಸರಿನಲ್ಲಿದೆ.

ಇಂದು ಎಲ್‌ಇಡಿ ಬಂದಿದೆ. ಮೊಬೈಲಿನ ಫ್ಲ್ಯಾಶ್ ಎನ್ನುವುದು ಎಲ್‌ಇಡಿಯೇ. ಆದರೂ ಮದುವೆ ಮನೆಯ ಕ್ಯಾಮೆರಾದ ಮೇಲೆ, ಸ್ಟುಡಿಯೊದಲ್ಲಿ, ಅಷ್ಟು ಪ್ರಖರವಾದ ಅಷ್ಟು ಚಿಕ್ಕ ಬೆಳಕಿಗೆ ಕ್ಸೆನಾನ್ ಕೊಳವೆಯೇ ಉಳಿದಿದೆ.

ಗೆಳೆಯರೇ, ದೊಡ್ಡ ಅವಕಾಶ ಬಂದ ಮೇಲೆ ದೊಡ್ಡ ಕೆಲಸ ಮಾಡೋಣ ಎಂದು ನಾವು ಕಾಯುತ್ತೇವೆ. ಎಡ್ಜರ್ಟನ್ ಅವರಿಗೆ ಸಿಕ್ಕಿದ್ದು ಮೋಟರ್ ಪರೀಕ್ಷಿಸುವ ಸಾಮಾನ್ಯ ಕೆಲಸ. ಅದೇ ಮಿನುಗನ್ನು ಅವರಿಗಿಂತ ಮೊದಲು ಎಷ್ಟೋ ಜನ ನೋಡಿರಬಹುದು. ಅವರು ನಿಂತು ಇನ್ನೊಮ್ಮೆ ನೋಡಿದರು, ಮತ್ತೆ ಅರವತ್ತು ವರ್ಷ ಅದರ ಬೆನ್ನು ಬಿಡಲಿಲ್ಲ. ಹಾಗೆ ನೋಡಲು ಅವರಿಗೆ ನೆರವಾದದ್ದು ಹಳ್ಳಿಗಾಡಿನ ವಿದ್ಯುತ್ ಕಂಪನಿಯಲ್ಲಿ ಕಸ ಗುಡಿಸುತ್ತಾ, ಚಿಕ್ಕಪ್ಪನ ಜೊತೆ ಫೋಟೊ ತೊಳೆಯುತ್ತಾ ಕಲಿತ ವಿದ್ಯೆ. ಕಲಿಯುವಾಗ ಅದಕ್ಕೆ ಯಾವ ಸರ್ಟಿಫಿಕೇಟೂ ಸಿಕ್ಕಿರಲಿಲ್ಲ.

ನನ್ನ ಫಲಿತಾಂಶ ಇನ್ನೂ ಬಂದಿಲ್ಲ. ಬರುವ ವಾರ ಶಹಾಬಾದಿನಲ್ಲಿ ಒಂದು ಮದುವೆಯಿದೆ, ಸ್ಟ್ಯಾಂಡ್ ಹಿಡಿದು ಹೋಗುತ್ತೇನೆ. ಕೆಟ್ಟು ಮೂಲೆ ಸೇರಿದ ಹಳೆಯ ಫ್ಲ್ಯಾಶ್ ಒಂದನ್ನು ಫೋಟೊಗ್ರಾಫರ್ ನನಗೆ ಕೊಟ್ಟಿದ್ದಾರೆ. ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ ಸ್ವಿಚ್ ಆರಿಸಿದ ಮೇಲೂ ಪ್ರಾಣಾಪಾಯ ತರಬಲ್ಲದು. ಅದಕ್ಕೇ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚುತ್ತಿದ್ದೇನೆ. ಕೊಳವೆ ಸರಿಯಿದೆ, ತಂತಿಯ ಸುರುಳಿ ಸುಟ್ಟಿದೆ. ಹೊಸದನ್ನು ಹಾಕಿ ಅದು ಮತ್ತೆ ಹೊತ್ತುವುದನ್ನು ನೋಡಬೇಕು.