ಮಂಜಿನ ನಗರವನ್ನು ಚಿತ್ರಿಸಿದವನು

ಮುಂದೆ ಥೇಮ್ಸ್ ನದಿಯ ನೀರು; ಆಚೆಯ ದಡದಲ್ಲಿ ಸಂಸತ್ ಭವನದ ಗೋಪುರಗಳು; ಎರಡನ್ನೂ ಆವರಿಸಿದ ಮಂಜು. ಲಂಡನ್ ನಗರದ ಈ ನೋಟವನ್ನು ತೈಲವರ್ಣದಲ್ಲಿ ಮೂಡಿಸಲು ವರ್ಷಗಟ್ಟಲೆ ಹೆಣಗಿದ ಕಲಾವಿದ ಫ್ರಾನ್ಸ್ ದೇಶದ ಕ್ಲೋದ್ ಮೋನೆ.

ಮೋನೆ 1840ರ ನವೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ಜನಿಸಿದನು. ಅವನ ಬಾಲ್ಯ ಕಳೆದುದು ಲೆ ಹಾವ್ರ್ ಎಂಬ ಬಂದರು ಪಟ್ಟಣದಲ್ಲಿ. ಊರವರ ವ್ಯಂಗ್ಯಚಿತ್ರಗಳನ್ನು ಬರೆದು ಮಾರುತ್ತಿದ್ದ ಈ ಹುಡುಗನನ್ನು ಬೂದ್ಯಾಂ ಎಂಬ ಚಿತ್ರಕಾರನು ಬಯಲಿಗೆ ಕರೆದೊಯ್ದು, ನಿಸರ್ಗದ ಎದುರಿನಲ್ಲಿಯೇ ನಿಂತು ಚಿತ್ರಿಸುವುದನ್ನು ಕಲಿಸಿದನು. ಅಂದಿನಿಂದ ಬೆಳಕೇ ಅವನ ಗುರುವಾಯಿತು.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧವಾದಾಗ ಮೋನೆ ಲಂಡನ್ನಿನಲ್ಲಿ ಆಶ್ರಯ ಪಡೆದನು. ಸ್ವದೇಶಕ್ಕೆ ಮರಳಿದ ಮೇಲೆ, ಲೆ ಹಾವ್ರ್ ಬಂದರಿನ ನೀರಿನ ಮೇಲೆ ಸೂರ್ಯನು ಉದಯಿಸುವ ದೃಶ್ಯವನ್ನು ಚಿತ್ರಿಸಿದನು. 1874ರಲ್ಲಿ ಅದನ್ನು ಪ್ರದರ್ಶಿಸಿದಾಗ, ಇದು ಚಿತ್ರವಲ್ಲ, ಬರಿಯ ‘ಇಂಪ್ರೆಷನ್’ ಎಂಬಂತೆ ವಿಮರ್ಶಕನೊಬ್ಬನು ಗೇಲಿಮಾಡಿದನು. ಆ ಗೇಲಿಯ ಮಾತೇ ಮುಂದೆ ಇಂಪ್ರೆಷನಿಸಂ ಎಂಬ ಕಲಾಪಂಥದ ಹೆಸರಾಯಿತು! ಆದರೆ ಹೆಸರಿನಿಂದ ಹೊಟ್ಟೆ ತುಂಬಲಿಲ್ಲ. ಬಡತನದ ನಡುವೆಯೇ, 1879ರಲ್ಲಿ, ಪತ್ನಿ ಕಮೀಲ್ ತೀರಿಕೊಂಡಳು. ಮೋನೆ ಕುಂಚವನ್ನು ಕೆಳಗಿಡಲಿಲ್ಲ.

ಕೀರ್ತಿ ಬಂದ ಮೇಲೆ, 1899ರಲ್ಲಿ, ಅವನು ಮತ್ತೆ ಲಂಡನ್ನಿಗೆ ಹೋದನು. ಸವಾಯ್ ಹೋಟೆಲಿನ ಮೇಲಂತಸ್ತಿನಿಂದ ಥೇಮ್ಸ್ ನದಿಯ ಸೇತುವೆಗಳನ್ನೂ, ಮರುವರ್ಷ ಎದುರುದಡದ ಆಸ್ಪತ್ರೆಯೊಂದರಿಂದ ಸಂಸತ್ ಭವನವನ್ನೂ ಚಿತ್ರಿಸತೊಡಗಿದನು. ಅವನ ಕಷ್ಟ ಸಾಮಾನ್ಯವಾದುದಲ್ಲ. ತೈಲವರ್ಣ ಒಣಗಲು ದಿನಗಳು ಬೇಕು. ಮಂಜಿನೊಳಗಿನ ಬೆಳಕು ಬದಲಾಗಲು ಕೆಲವು ನಿಮಿಷಗಳು ಸಾಕು. ಆದುದರಿಂದ ಅವನು ಒಂದೇ ನೋಟಕ್ಕೆ ಹಲವು ಕ್ಯಾನ್ವಾಸುಗಳನ್ನು ಸಿದ್ಧವಾಗಿಟ್ಟುಕೊಂಡನು. ಬೆಳಕು ಬದಲಾದಂತೆ ಕ್ಯಾನ್ವಾಸನ್ನೂ ಬದಲಾಯಿಸುವನು. ಅದೇ ಬೆಳಕು ಮರಳಿದಾಗ ಹಳೆಯದನ್ನು ಹುಡುಕಿ ತೆಗೆಯುವನು. ಗೋಪುರಗಳಿಗೆ ಕಪ್ಪು ಗೆರೆ ಎಳೆಯದೆ, ನೀಲಿ, ನೇರಳೆ, ಕಿತ್ತಳೆ ಬಣ್ಣಗಳನ್ನು ಪಕ್ಕಪಕ್ಕದಲ್ಲಿ ಹಚ್ಚಿ, ನೀರಿಗೂ ಕಲ್ಲಿಗೂ ಒಂದೇ ಬೆಳಕಿನ ಹೊದಿಕೆ ಹೊದಿಸಿದನು.

ಆ ಮಂಜಿನಲ್ಲಿ ಕಲ್ಲಿದ್ದಲಿನ ಹೊಗೆಯೂ ಬೆರೆತಿತ್ತು. ನಗರದ ಜನರ ಉಸಿರನ್ನು ಕೆಡಿಸುತ್ತಿದ್ದ ಹೊಗೆಯೇ ಕಲಾವಿದನ ಕಣ್ಣಿಗೆ ಸೊಬಗಾಗಿ ಕಂಡಿತು. ಆ ಚಿತ್ರಗಳನ್ನು ನೋಡುವ ನಾವು ಈ ಎರಡನ್ನೂ ನೆನೆಯಬೇಕು.

1901ರಲ್ಲಿ ಮೋನೆ ಲಂಡನ್ನಿನಲ್ಲಿಯೇ ಕಾಯಿಲೆ ಬಿದ್ದನು. ಅಪೂರ್ಣವಾದ ಅನೇಕ ಕ್ಯಾನ್ವಾಸುಗಳೊಡನೆ ಜಿವೆರ್ನಿ ಗ್ರಾಮದ ತನ್ನ ಮನೆಗೆ ಹಿಂದಿರುಗಿ, ನೆನಪಿನ ಬಲದಿಂದ ಅವನ್ನು ಮತ್ತೆಮತ್ತೆ ತಿದ್ದಿದನು. 1904ರಲ್ಲಿ ಪ್ಯಾರಿಸ್ಸಿನಲ್ಲಿ 37 ಚಿತ್ರಗಳು ಪ್ರದರ್ಶಿತವಾದಾಗ ಜನ ಮೆಚ್ಚಿದರು.

ಬೆಳಕನ್ನೇ ನಂಬಿದವನ ಕಣ್ಣಿಗೇ ಮುಂದೆ ಮಂಜು ಕವಿಯಿತು. 1912ರಲ್ಲಿ ಕಣ್ಣಿನ ಪೊರೆ ಇರುವುದು ತಿಳಿಯಿತು. ಬಣ್ಣಗಳ ನಡುವಣ ಭೇದ ಅಳಿಸತೊಡಗಿತು. 1923ರಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಆ ವೃದ್ಧನು ತನ್ನ ಕೊಳದ ನೈದಿಲೆಗಳ ಬೃಹತ್ ಚಿತ್ರಗಳನ್ನು ಮತ್ತೆ ತಿದ್ದುತ್ತ ಕುಳಿತನು. 1926ರ ಡಿಸೆಂಬರ್ 5ರಂದು ಅವನು ನಿಧನನಾದನು. ಅವನು ರಾಷ್ಟ್ರಕ್ಕೆ ಕೊಟ್ಟ ಆ ನೈದಿಲೆಯ ಚಿತ್ರಗಳನ್ನು 1927ರಲ್ಲಿ ಪ್ಯಾರಿಸ್ಸಿನ ಒರಾಂಜರಿಯಲ್ಲಿ ಜನರ ದರ್ಶನಕ್ಕೆ ಇರಿಸಲಾಯಿತು.

ಹಿಡಿಯಲಾಗದ ಕ್ಷಣವನ್ನು ಹಿಡಿಯಲು ಮೋನೆ ಬಾಳೆಲ್ಲ ದುಡಿದನು. ನಾವು ದಿನವೂ ಕಾಣುವ ಕೆರೆಯ ನೀರೂ ಗಳಿಗೆಗೊಂದು ಬಣ್ಣ ತಳೆಯುತ್ತದೆ. ಅದನ್ನು ಕಾಣಲು ತಾಳ್ಮೆಯ ಕಣ್ಣು ಬೇಕು.