ಮಗನ ಕಾನ್ವೊಕೇಶನ್‌ಗೆ ಕಾಗದವಿಲ್ಲದೆ ಹೋದ ಅಪ್ಪ

ಎಂಟನೇ ಸೆಮಿಸ್ಟರ್ ಶುರುವಾಯಿತೆಂದರೆ ನಮ್ಮ ಹಾಸ್ಟೆಲ್ ಕಾರಿಡಾರ್‌ನಲ್ಲಿ ಮಾತೇ ಬದಲಾಗುತ್ತೆ. ಯಾರಿಗೆ ಎಂಎಸ್ ಅಡ್ಮಿಟ್ ಬಂತು, ಯಾರಿಗೆ ಬರಲಿಲ್ಲ, ಬ್ಯಾಂಕಲ್ಲಿ ಎಷ್ಟು ದುಡ್ಡು ತೋರಿಸಬೇಕು, ವೀಸಾ ಇಂಟರ್‌ವ್ಯೂ ಚೆನ್ನೈನಲ್ಲಿ ಸಿಗುತ್ತಾ ಹೈದರಾಬಾದಲ್ಲಾ. ಮಾರ್ಕ್ಸ್ ಕಾರ್ಡಿಗಿಂತ ಪಾಸ್‌ಪೋರ್ಟನ್ನೇ ಜೋಪಾನವಾಗಿ ಇಟ್ಟುಕೊಳ್ಳೋ ಕಾಲ ಅದು. ಹಾಗಾಗಿ ಈ ಸಲ ನಾವು ಒಬ್ಬ ವಿದ್ಯಾರ್ಥಿಯ ಕತೆ ಹೇಳೋಣ ಅಂದುಕೊಂಡೆವು. ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ಪದವಿ ಪಡೆದ ಮೊದಲ ಚೀನೀಯ ಅವನು. ಹೆಸರು ಯುಂಗ್ ವಿಂಗ್. ಚೀನಾದಲ್ಲಿ ಇವತ್ತಿಗೂ ದೊಡ್ಡ ಹೆಸರು, ನಮ್ಮಲ್ಲಿ ಕೇಳಿದವರು ಕಡಿಮೆ.

ಹುಟ್ಟಿದ್ದು 1828ರಲ್ಲಿ, ದಕ್ಷಿಣ ಚೀನಾದ ಮಕಾವ್ ಪಕ್ಕದ ನಾನ್‌ಪಿಂಗ್ ಎಂಬ ಹಳ್ಳಿಯಲ್ಲಿ. ಬಡ ಮನೆ. ಏಳು ವರ್ಷದವನಿದ್ದಾಗ ಅಪ್ಪ ಅವನನ್ನು ಮಕಾವ್‌ನ ಮಿಷನರಿ ಶಾಲೆಗೆ ಸೇರಿಸಿದ. ಆ ಕಾಲದಲ್ಲಿ ಬುದ್ಧಿವಂತ ಮಗನನ್ನು ಚೀನೀ ಶಾಸ್ತ್ರಗ್ರಂಥ ಓದಿಸಿ ಸರಕಾರಿ ಪರೀಕ್ಷೆಗೆ ಕೂರಿಸೋದು ರೂಢಿ. ಇಂಗ್ಲಿಷ್ ಶಾಲೆಗೆ ಯಾಕೆ ಹಾಕಿದ ಅನ್ನೋದು ಯುಂಗ್ ವಿಂಗ್‌ಗೇ ಕೊನೆವರೆಗೂ ಪೂರ್ತಿ ಬಿಡಿಸದ ಒಗಟು. ವಿದೇಶೀ ವ್ಯಾಪಾರ ಹೆಚ್ಚುತ್ತಿತ್ತು, ದುಭಾಷಿ ಕೆಲಸವಾದರೂ ಸಿಗುತ್ತೆ ಅನ್ನೋ ಲೆಕ್ಕ ಇದ್ದಿರಬೇಕು. ಅಪ್ಪ ಬೇಗ ತೀರಿಕೊಂಡ. ಹುಡುಗ ಮುಂದೆ ಮಾರಿಸನ್ ಶಾಲೆ ಸೇರಿದ. ಅಲ್ಲಿನ ಮೇಷ್ಟ್ರು ಸ್ಯಾಮ್ಯುಯೆಲ್ ಬ್ರೌನ್, ಯೇಲ್‌ನಲ್ಲಿ ಓದಿದವರು. ಆರೋಗ್ಯ ಕೆಟ್ಟು ಊರಿಗೆ ಹೊರಟಾಗ, ನನ್ನ ಜೊತೆ ಯಾರು ಬರ್ತೀರಿ ಅಂತ ತರಗತಿಯಲ್ಲಿ ಕೇಳಿದರು. ಮೂವರು ಎದ್ದು ನಿಂತರು. ಯುಂಗ್ ವಿಂಗ್ ಅವರಲ್ಲೊಬ್ಬ. ಅಮ್ಮ ಅತ್ತು, ಕೊನೆಗೆ ಒಪ್ಪಿದಳು.

1847ರ ಜನವರಿಯಲ್ಲಿ ಹಂಟ್ರೆಸ್ ಎಂಬ ಚಹಾ ಸಾಗಿಸುವ ಹಡಗು ಹತ್ತಿದರು. ಹಡಗಿನ ಮಾಲೀಕರು ಟಿಕೆಟ್ ದುಡ್ಡು ಬೇಡ ಅಂದಿದ್ದರು. 98 ದಿನದ ಮೇಲೆ ನ್ಯೂಯಾರ್ಕ್. ಇಲ್ಲಿ ಒಂದು ನಿಮಿಷ ನಿಲ್ಲೋಣ. ವೀಸಾ ಇಲ್ಲ, ಇಂಟರ್‌ವ್ಯೂ ಇಲ್ಲ, ವಾಪಸ್ ಹೋಗ್ತೀಯಾ ಅಂತ ಕೇಳೋರೂ ಇಲ್ಲ. ಚೀನೀಯರನ್ನು ತಡೆಯೋ ಒಂದೇ ಒಂದು ಫೆಡರಲ್ ಕಾನೂನು ಆಗ ಅಮೆರಿಕದಲ್ಲಿ ಇರಲಿಲ್ಲ. ಹಡಗಿಳಿದ, ಒಳಗೆ ನಡೆದ, ಅಷ್ಟೇ.

ಮ್ಯಾಸಚೂಸೆಟ್ಸ್‌ನ ಮಾನ್ಸನ್ ಅಕಾಡೆಮಿಯಲ್ಲಿ ಓದು. ಜೊತೆಗೆ ಬಂದವರಲ್ಲಿ ಒಬ್ಬ ಕಾಯಿಲೆ ಬಿದ್ದು ವಾಪಸಾದ, ಇನ್ನೊಬ್ಬ ವೈದ್ಯಕೀಯ ಓದಲು ಎಡಿನ್‌ಬರೋಗೆ ಹೋದ. ಉಳಿದದ್ದು ಇವನೊಬ್ಬ. ಯೇಲ್‌ಗೆ ಸೇರಲು ದುಡ್ಡಿಲ್ಲ. ಶಾಲೆಯ ಟ್ರಸ್ಟಿಗಳು ಕೊಡೋಕೆ ತಯಾರಿದ್ದರು, ಆದರೆ ಒಂದು ಷರತ್ತು: ಓದಿದ ಮೇಲೆ ಮಿಷನರಿಯಾಗಿ ಚೀನಾಗೆ ಹೋಗ್ತೀನಿ ಅಂತ ಬರೆದುಕೊಡಬೇಕು. ಜೇಬಲ್ಲಿ ಏನೂ ಇಲ್ಲದ ಹುಡುಗ ಆಗೋದಿಲ್ಲ ಅಂದ. ದೇಶಕ್ಕೆ ಯಾವ ರೀತಿ ಉಪಯೋಗವಾಗ್ತೀನೋ ಈಗಲೇ ಗೊತ್ತಿಲ್ಲ, ಕೈ ಕಟ್ಟಿಸಿಕೊಳ್ಳಲಾರೆ ಅನ್ನೋದು ಅವನ ನಿಲುವು. ಬಾಂಡ್ ಅಂದರೆ ಏನು ಅಂತ ಗೊತ್ತಿರೋ ನಮಗೆ ಇದು ಎಷ್ಟು ದೊಡ್ಡ ಮಾತು ಅಂತ ಅರ್ಥವಾಗುತ್ತೆ. ಕೊನೆಗೆ ಜಾರ್ಜಿಯಾದ ಸವಾನಾ ಊರಿನ ಮಹಿಳಾ ಸಂಘವೊಂದು ಷರತ್ತಿಲ್ಲದೆ ನೆರವಾಯಿತು.

1850ರಲ್ಲಿ ಯೇಲ್. ನಮ್ಮ ಓದುಗರಿಗೆ ಖುಷಿ ಕೊಡೋ ವಿಷಯ: ಅವನಿಗೆ ಕ್ಯಾಲ್ಕುಲಸ್ ಕಂಡರೆ ಆಗುತ್ತಿರಲಿಲ್ಲ. ಡಿಫರೆನ್ಶಿಯಲ್ಲೂ ತಲೆಗೆ ಹೋಗಲಿಲ್ಲ, ಇಂಟೆಗ್ರಲ್ಲೂ ಹೋಗಲಿಲ್ಲ. ರಾತ್ರಿ ಹನ್ನೆರಡರವರೆಗೆ ಕೂತರೂ ಅಂಕ ಬರುತ್ತಿರಲಿಲ್ಲ, ಕ್ಲಾಸಿನಿಂದ ತೆಗೆದುಹಾಕ್ತಾರೆ ಅಂತಲೇ ಹೆದರಿದ್ದ. ಬಚಾವು ಮಾಡಿದ್ದು ಇಂಗ್ಲಿಷ್ ಪ್ರಬಂಧ. ಎರಡನೇ ವರ್ಷ ಎರಡು ಸಲ ಮೊದಲ ಬಹುಮಾನ ಬಂತು. ಹುಡುಗರ ಮೆಸ್ಸಿಗೆ ಸಾಮಾನು ತಂದು ಬಡಿಸಿ ತನ್ನ ಊಟದ ಖರ್ಚು ಕಳೆದ, ಚರ್ಚಾಕೂಟದ ಲೈಬ್ರರಿಯಲ್ಲೂ ಕೆಲಸ ಮಾಡಿದ. 1852ರ ಅಕ್ಟೋಬರ್‌ನಲ್ಲಿ, ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, ಅಮೆರಿಕದ ಪೌರತ್ವ ಪಡೆದ. ಈ ದಿನಾಂಕ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ. 1854ರಲ್ಲಿ ಪದವಿ. ಇನ್ನು ಮೇಲೆ ನಾವೂ ಬಹುವಚನದಲ್ಲೇ ಮಾತಾಡ್ತೀವಿ, ಗ್ರಾಜುಯೇಟ್ ಆದರಲ್ಲ.

ಊರಿಗೆ ಬಂದಾಗ ಚೀನೀ ಭಾಷೆ ಹೆಚ್ಚುಕಡಿಮೆ ಮರೆತುಹೋಗಿತ್ತು, ಮತ್ತೆ ಕಲಿಯಬೇಕಾಯಿತು. ಮೀಸೆ ಬಿಟ್ಟುಕೊಂಡು ಬಂದಿದ್ದರು. ಅಮ್ಮನಿಗೆ ಅದು ಹಿಡಿಸಲಿಲ್ಲ, ಕೂಡಲೇ ತೆಗೆಸಿದರು. ಈ ಪದವಿಗೆ ಎಷ್ಟು ದುಡ್ಡು ಕೊಡ್ತಾರಪ್ಪಾ ಅಂತ ಆಕೆ ಕೇಳಿದ್ದಕ್ಕೆ ಮಗ ವಿದ್ಯೆಯ ಬೆಲೆಯ ಬಗ್ಗೆ ಉದ್ದಕ್ಕೆ ಹೇಳಬೇಕಾಯಿತಂತೆ. ಪ್ಯಾಕೇಜ್ ಎಷ್ಟು ಅನ್ನೋ ಪ್ರಶ್ನೆ ನಮ್ಮ ಕಾಲದ್ದು ಮಾತ್ರ ಅಲ್ಲ. ಮುಂದಿನ ಕೆಲವು ವರ್ಷ ದುಭಾಷಿ, ಕಸ್ಟಮ್ಸ್ ನೌಕರಿ, ಚಹಾ ವ್ಯಾಪಾರ ಅಂತ ಅಲ್ಲಿ ಇಲ್ಲಿ ಕಳೆದವು.

1863ರಲ್ಲಿ ದೊಡ್ಡ ಅಧಿಕಾರಿ ಝೆಂಗ್ ಗುವೊಫಾನ್ ಕರೆಸಿಕೊಂಡರು. ಸರಕಾರಕ್ಕೆ ಬಂದೂಕು ಕಾರ್ಖಾನೆ ಬೇಕಿತ್ತು. ಯುಂಗ್ ವಿಂಗ್ ಕೊಟ್ಟ ಸಲಹೆಯನ್ನು ಮೆಕ್ಯಾನಿಕಲ್ ಬ್ರಾಂಚಿನವರು ಗಮನಿಸಬೇಕು: ಬಂದೂಕು ಮಾಡೋ ಯಂತ್ರ ತರಬೇಡಿ, ಯಂತ್ರ ಮಾಡೋ ಯಂತ್ರ ತನ್ನಿ. ಲೇತ್, ಪ್ಲೇನರ್, ಡ್ರಿಲ್ ಇದ್ದರೆ ಅದರಿಂದ ಏನು ಬೇಕಾದರೂ ಮಾಡಿಕೊಳ್ಳಬಹುದು. ಅವರನ್ನೇ ಅಮೆರಿಕಕ್ಕೆ ಕಳಿಸಿದರು. ಮ್ಯಾಸಚೂಸೆಟ್ಸ್‌ನ ಫಿಚ್‌ಬರ್ಗ್‌ನ ಕಂಪನಿಯಲ್ಲಿ ತಯಾರಾದ ಯಂತ್ರಗಳು 1865ರಲ್ಲಿ ಶಾಂಘೈ ತಲುಪಿ ಜಿಯಾಂಗ್‌ನಾನ್ ಕಾರ್ಖಾನೆ ಸೇರಿದವು.

ಆದರೆ ಅವರ ಮನಸ್ಸಲ್ಲಿದ್ದದ್ದು ಬೇರೆ. ಯೇಲ್‌ನಲ್ಲಿರುವಾಗಲೇ ಹೊಳೆದಿದ್ದ ಯೋಜನೆ: ತನಗೆ ಸಿಕ್ಕ ಓದು ಚೀನಾದ ಬೇರೆ ಹುಡುಗರಿಗೂ ಸಿಗಬೇಕು, ಸರಕಾರದ ಖರ್ಚಿನಲ್ಲಿ. ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ 1871ರಲ್ಲಿ ಒಪ್ಪಿಗೆ ಸಿಕ್ಕಿತು. ಒಟ್ಟು 120 ಹುಡುಗರು, ವರ್ಷಕ್ಕೆ 30ರಂತೆ ನಾಲ್ಕು ತಂಡ, ಹದಿನೈದು ವರ್ಷದ ಓದು. ಹುಡುಗ ಅಲ್ಲೇ ಸತ್ತರೆ ಸರಕಾರ ಹೊಣೆಯಲ್ಲ ಅಂತ ತಂದೆತಾಯಿ ಸಹಿ ಹಾಕಬೇಕಿತ್ತು. ಉಳ್ಳವರ ಮಕ್ಕಳು ಬರಲೇ ಇಲ್ಲ. ಬಂದವರಲ್ಲಿ ಹೆಚ್ಚಿನವರು ಯುಂಗ್ ವಿಂಗ್ ಅವರದೇ ಗುವಾಂಗ್‌ಡಾಂಗ್ ಪ್ರಾಂತದವರು. ಮೊದಲ ತಂಡ 1872ರಲ್ಲಿ ಹೊರಟಿತು. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಸುತ್ತಮುತ್ತ ಮನೆಮನೆಗಳಲ್ಲಿ ಹುಡುಗರನ್ನು ಇರಿಸಿದರು.

ಈ ನಡುವೆ ಅವರನ್ನು ಪೆರು ದೇಶಕ್ಕೂ ಕಳಿಸಿದರು. ಅಲ್ಲಿ ಕರಾರಿನ ಮೇಲೆ ಹೋದ ಚೀನೀ ಕೂಲಿಗಳ ಪಾಡು ನೋಡಿ ಬರಬೇಕಿತ್ತು. ಚಾವಟಿಯಿಂದ ಸೀಳಿದ ಬೆನ್ನುಗಳ ಎರಡು ಡಜನ್ ಫೋಟೋ ತೆಗೆಸಿ ತಂದರು. ವಲಸೆಯ ಎರಡೂ ಮುಖಗಳನ್ನು ಅವರಷ್ಟು ಹತ್ತಿರದಿಂದ ಕಂಡವರು ಆ ಕಾಲದಲ್ಲಿ ಬಹಳ ಜನ ಇರಲಿಕ್ಕಿಲ್ಲ. 1875ರಲ್ಲಿ ಮೇರಿ ಕೆಲಾಗ್ ಎಂಬ ಕನೆಕ್ಟಿಕಟ್‌ನ ಹೆಣ್ಣುಮಗಳನ್ನು ಮದುವೆಯಾದರು. ಇಬ್ಬರು ಗಂಡುಮಕ್ಕಳು: ಮಾರಿಸನ್, ಬಾರ್ಟ್‌ಲೆಟ್.

ಹಾರ್ಟ್‌ಫರ್ಡ್ ಹುಡುಗರು ಬೇಸ್‌ಬಾಲ್ ಆಡಿದರು, ಇಂಗ್ಲಿಷ್‌ನಲ್ಲಿ ಕನಸು ಕಾಣತೊಡಗಿದರು. ಕೆಲವರು ಜಡೆ ಕತ್ತರಿಸಿಕೊಂಡರು, ಕೆಲವರು ಚರ್ಚಿಗೆ ಹೋದರು. ಚಿಂಗ್ ರಾಜ್ಯದಲ್ಲಿ ಜಡೆ ತೆಗೆಯೋದು ರಾಜದ್ರೋಹಕ್ಕೆ ಸಮ. ಮೇಲ್ವಿಚಾರಣೆಗೆ ಬಂದ ಸಂಪ್ರದಾಯಸ್ಥ ಅಧಿಕಾರಿಗಳು ಹುಡುಗರು ಕೆಟ್ಟುಹೋದರು ಅಂತ ಬೀಜಿಂಗ್‌ಗೆ ಬರೆಯುತ್ತಲೇ ಇದ್ದರು. ಇದು ಒಂದು ಕಡೆ. ಇನ್ನೊಂದು ಕಡೆ ಅಮೆರಿಕವೂ ಮಾತು ತಪ್ಪಿತು. 1868ರ ಒಪ್ಪಂದದ ಪ್ರಕಾರ ಅಮೆರಿಕದ ಸರಕಾರಿ ಶಿಕ್ಷಣ ಸಂಸ್ಥೆಗಳಲ್ಲಿ ಚೀನೀಯರಿಗೂ ಅವಕಾಶ ಇರಬೇಕಿತ್ತು. ವೆಸ್ಟ್ ಪಾಯಿಂಟ್ ಮತ್ತು ಅನ್ನಾಪೊಲಿಸ್ ಸೇನಾ ಕಾಲೇಜುಗಳಿಗೆ ತಮ್ಮ ಹುಡುಗರನ್ನು ಸೇರಿಸಿಕೊಳ್ಳಿ ಅಂತ ಯುಂಗ್ ವಿಂಗ್ ಕೇಳಿದರೆ, ಚೀನೀ ವಿದ್ಯಾರ್ಥಿಗಳಿಗೆ ಜಾಗವಿಲ್ಲ ಅನ್ನೋ ಉತ್ತರ ಬಂತು. ಜಪಾನೀ ಹುಡುಗರಿಗೆ ಅನ್ನಾಪೊಲಿಸ್‌ನಲ್ಲಿ ಜಾಗ ಇತ್ತು! ಕ್ಯಾಲಿಫೋರ್ನಿಯಾದಲ್ಲಿ ಚೀನೀ ಕೂಲಿಗಳ ವಿರುದ್ಧ ಎದ್ದ ಗಾಳಿ ವಾಷಿಂಗ್ಟನ್‌ವರೆಗೂ ಬಂದಿತ್ತು. ನಮಗನ್ನಿಸೋ ಹಾಗೆ, ಯೋಜನೆಯನ್ನು ಜಡೆಗಿಂತ ಜಾಸ್ತಿ ಕೊಂದದ್ದು ಈ ಉತ್ತರವೇ. ಪೋಷಕರಾಗಿದ್ದ ಲಿ ಹೊಂಗ್‌ಝಾಂಗ್‌ಗೂ ಆಸಕ್ತಿ ಹೋಯಿತು. ಯುಂಗ್ ವಿಂಗ್‌ರ ಗೆಳೆಯರಾದ ಪಾದ್ರಿ ಟ್ವಿಚೆಲ್ ಮತ್ತು ಲೇಖಕ ಮಾರ್ಕ್ ಟ್ವೇನ್ ಮಾಜಿ ಅಧ್ಯಕ್ಷ ಗ್ರಾಂಟ್ ಹತ್ತಿರ ಹೋಗಿ ಲಿಗೆ ಪತ್ರ ಬರೆಸಿದರು. ಸ್ವಲ್ಪ ದಿನ ತಡೆಯಿತು, ಅಷ್ಟೇ. 1881ರಲ್ಲಿ ಎಲ್ಲರೂ ಗಂಟುಮೂಟೆ ಕಟ್ಟಬೇಕಾಯಿತು.

ಡಿಗ್ರಿ ಮುಗಿಸಿದ್ದವರು ಇಬ್ಬರೇ. ಒಬ್ಬ ಯೇಲ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಮಾಡಿದ ಝಾನ್ ಟಿಯಾನ್ಯೋ. ಮಿಕ್ಕವರು ಅರ್ಧ ಓದಿನಲ್ಲಿ ಹಡಗು ಹತ್ತಿದರು. ಶಾಂಘೈಯಲ್ಲಿ ಇಳಿದರೆ ಸ್ವಾಗತ ಮಾಡೋರು ಯಾರೂ ಇಲ್ಲ, ಪಾಳು ಬಿದ್ದ ಶಾಲೆಯಲ್ಲಿ ಕಾವಲಿಟ್ಟು ಕೂಡಿಹಾಕಿದರು. ಎಷ್ಟೋ ವರ್ಷ ತನ್ನ ಓದಿಗೆ ಸಂಬಂಧವಿಲ್ಲದ ಕೆಲಸ ಮಾಡಿದ ಝಾನ್, 1905ರಿಂದ 1909ರೊಳಗೆ ಬೀಜಿಂಗ್‌ನಿಂದ ಝಾಂಗ್‌ಜಿಯಾಕೋವರೆಗಿನ ರೈಲು ಮಾರ್ಗ ಕಟ್ಟಿದರು. ಸುಮಾರು 200 ಕಿಲೋಮೀಟರ್, ವಿದೇಶೀ ಎಂಜಿನಿಯರುಗಳಿಲ್ಲದೆ. ಬೆಟ್ಟದ ಏರು ಕಡಿದಾಗಿದ್ದ ಚಿಂಗ್‌ಲಾಂಗ್‌ಚಿಯಾವೊ ಹತ್ತಿರ ಹಳಿಯನ್ನು ಹಿಂದಕ್ಕೂ ಮುಂದಕ್ಕೂ ಅಂಕುಡೊಂಕಾಗಿ ಹಾಕಿ ರೈಲು ಹತ್ತಿಸಿದರು. ಸಿವಿಲ್‌ನವರು ಹುಡುಕಿ ಆ ನಕ್ಷೆ ನೋಡಬೇಕು.

ಹುಡುಗರು ಹೋದ ಮರುವರ್ಷ, 1882ರ ಮೇ ತಿಂಗಳಲ್ಲಿ, ಅಮೆರಿಕದಲ್ಲಿ ಚೀನೀಯರನ್ನು ಹೊರಗಿಡುವ ಕಾಯಿದೆ ಬಂತು. ಹತ್ತು ವರ್ಷ ಚೀನೀ ಕಾರ್ಮಿಕರು ಬರುವಂತಿಲ್ಲ. ವಿದ್ಯಾರ್ಥಿ, ವ್ಯಾಪಾರಿ, ಶಿಕ್ಷಕ, ಪ್ರವಾಸಿ ಬರಬಹುದು, ಆದರೆ ಚೀನಾ ಸರಕಾರದ ಸರ್ಟಿಫಿಕೇಟ್ ಬೇಕು. ಅದರಲ್ಲಿ ಹೆಸರು, ವಯಸ್ಸು, ಎತ್ತರ, ಮೈಮೇಲಿನ ಗುರುತು, ಕಸುಬು ಎಲ್ಲಾ ಇರಬೇಕು. 1884ರ ತಿದ್ದುಪಡಿ ಆದಮೇಲೆ ಅದನ್ನು ಅಮೆರಿಕದ ರಾಯಭಾರ ಕಚೇರಿಯವರು ಪರಿಶೀಲಿಸಿ ವೀಸಾ ಹಾಕಬೇಕಾಯಿತು. ಇವತ್ತು ನಾವು ತುಂಬೋ ಫಾರಂಗಳ ಅಜ್ಜ ಇದು. 1888ರಲ್ಲಿ ಇನ್ನೊಂದು ಕಾಯಿದೆ ಬಂದು, ಮರಳಿ ಬರಬಹುದು ಅಂತ ಅಮೆರಿಕವೇ ಕೊಟ್ಟಿದ್ದ ಚೀಟಿಗಳನ್ನೆಲ್ಲ ರದ್ದು ಮಾಡಿತು. ಊರಿಗೆ ಹೋಗಿದ್ದ ಸುಮಾರು 20,000 ಜನ ಅಲ್ಲಲ್ಲೇ ಸಿಕ್ಕಿಕೊಂಡರು. ಕೆಲವರು ಹಡಗಿನಲ್ಲಿದ್ದರು.

ಹೆಂಡತಿಗೆ ಕಾಯಿಲೆ ಅಂತ ಯುಂಗ್ ವಿಂಗ್ 1883ರಲ್ಲಿ ಹಾರ್ಟ್‌ಫರ್ಡ್‌ಗೆ ಬಂದಿದ್ದರು. 1886ರಲ್ಲಿ ಮೇರಿ ತೀರಿಕೊಂಡರು. ಹತ್ತರ ಆಚೀಚಿನ ಇಬ್ಬರು ಮಕ್ಕಳನ್ನು ಒಬ್ಬರೇ ಬೆಳೆಸಿದರು. 1895ರಲ್ಲಿ, ಜಪಾನ್ ಎದುರು ಸೋತ ಚೀನಾ ಮತ್ತೆ ಕರೆಯಿತು. ಹೋಗಿ ರಾಷ್ಟ್ರೀಯ ಬ್ಯಾಂಕು, ರೈಲು ಅಂತ ಯೋಜನೆ ಮೇಲೆ ಯೋಜನೆ ಬರೆದರು, ಒಂದೂ ಕೈಗೂಡಲಿಲ್ಲ.

ಆಮೇಲೆ 1898. ಯುಂಗ್ ವಿಂಗ್ ಅಮೆರಿಕದ ಪ್ರಜೆಯೇ ಅನ್ನೋ ಪ್ರಶ್ನೆ ಬೀಜಿಂಗ್‌ನ ರಾಯಭಾರಿಯಿಂದ ವಾಷಿಂಗ್ಟನ್‌ಗೆ ಹೋಯಿತು. ವಿದೇಶಾಂಗ ಮಂತ್ರಿ ಜಾನ್ ಶರ್ಮನ್ ಉತ್ತರ ಕೊಟ್ಟರು: ಇಷ್ಟು ವರ್ಷ ಪ್ರಜೆಯಾಗಿದ್ದವರನ್ನು ಈಗ ಅಲ್ಲ ಅನ್ನೋದು ಅನ್ಯಾಯವಾಗಿಯೇ ಕಾಣುತ್ತೆ, ಆದರೂ ಕಾನೂನನ್ನು ಕೋರ್ಟುಗಳು ಅರ್ಥೈಸಿರುವ ರೀತಿ ನೋಡಿದರೆ ಒಪ್ಪಲಾಗದು. ಪೌರತ್ವ ಕೊಡೋ ಹಳೇ ಕಾನೂನಿನಲ್ಲಿ ಬಿಳಿಯರಿಗೆ ಮಾತ್ರ ಅಂತಿತ್ತು. 1852ರಲ್ಲಿ ನ್ಯೂ ಹೇವನ್‌ನಲ್ಲಿ ಅದನ್ನು ಯಾರೂ ಅಡ್ಡ ತರಲಿಲ್ಲ. ಚೀನೀಯರು ಬಿಳಿಯರಲ್ಲ ಅಂತ 1878ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟೊಂದು ಹೇಳಿತು, 1882ರ ಕಾಯಿದೆ ಅದನ್ನು ಬರೆದೇ ಬಿಟ್ಟಿತು. ಹೀಗೆ ಆಮೇಲೆ ಬಂದ ಮಾತು, ಮುಂಚೆ ಸಿಕ್ಕ ಕಾಗದವನ್ನು 46 ವರ್ಷದ ಮೇಲೆ ನುಂಗಿತು. ಅದೇ 1898ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಅಡುಗೆಯವ ವಾಂಗ್ ಕಿಮ್ ಆರ್ಕ್ ಪ್ರಕರಣದಲ್ಲಿ, ಈ ನೆಲದಲ್ಲಿ ಹುಟ್ಟಿದ ಚೀನೀಯ ಅಮೆರಿಕದ ಪ್ರಜೆಯೇ ಅಂತ ತೀರ್ಪು ಕೊಟ್ಟಿತು. ಅಂದರೆ ಹಾರ್ಟ್‌ಫರ್ಡ್‌ನಲ್ಲಿ ಹುಟ್ಟಿದ ಮಕ್ಕಳಿಬ್ಬರೂ ಪ್ರಜೆಗಳು, ಅಪ್ಪ ಅಲ್ಲ. ಇದೇ ಬಿಳಿಯರ ಷರತ್ತು 1923ರಲ್ಲಿ ನಮ್ಮವರೇ ಆದ ಭಗತ್ ಸಿಂಗ್ ಥಿಂದ್ ಅವರ ಪೌರತ್ವವನ್ನೂ ಕಿತ್ತುಕೊಂಡಿತು, ಆ ಕತೆ ಇನ್ನೊಂದು ಸಂಚಿಕೆಗೆ ಇರಲಿ.

ಇತ್ತ ಚೀನಾದಲ್ಲೂ ನೆಲೆ ತಪ್ಪಿತು. 1898ರ ಸುಧಾರಣಾ ಚಳವಳಿಯನ್ನು ರಾಜಮಾತೆ ಹತ್ತಿಕ್ಕಿದಾಗ ಅದರ ಜೊತೆ ನಿಂತಿದ್ದ ಇವರ ತಲೆಗೂ ಬೆಲೆ ಕಟ್ಟಿದರು. ಶಾಂಘೈಗೆ ಓಡಿದರು, ಅಲ್ಲಿಂದ ಹಾಂಕಾಂಗ್‌ಗೆ. ಒಂದು ದೇಶ ಹಿಡಿಯೋಕೆ ಹುಡುಕುತ್ತಿದೆ, ಇನ್ನೊಂದು ನಮ್ಮವನಲ್ಲ ಅಂತಿದೆ. ವಯಸ್ಸು ಎಪ್ಪತ್ತು ದಾಟಿತ್ತು.

1902ರಲ್ಲಿ ಚಿಕ್ಕ ಮಗ ಬಾರ್ಟ್‌ಲೆಟ್‌ನ ಯೇಲ್ ಓದು ಮುಗಿಯುವುದಿತ್ತು. ದೊಡ್ಡವನು ಅಲ್ಲೇ 1898ರಲ್ಲಿ ಮುಗಿಸಿದ್ದ, ಆಗ ಅಪ್ಪ ಚೀನಾದಲ್ಲಿದ್ದರು. ಈ ಸಲ ಬಿಡಬಾರದು ಅಂತ ಹೊರಟರು. 1847ರಲ್ಲಿ ಯಾರೂ ಏನೂ ಕೇಳದೆ ಒಳಗೆ ಬಿಟ್ಟ ದೇಶಕ್ಕೆ, ಪ್ರಜೆ ಅನ್ನೋ ಕಾಗದವಿಲ್ಲದೆ ಹೇಗೋ ನುಸುಳಿಕೊಂಡು, ಜೂನ್ ತಿಂಗಳ ಸಮಾರಂಭದ ಹೊತ್ತಿಗೆ ನ್ಯೂ ಹೇವನ್ ತಲುಪಿದರು. ಆಮೇಲೆ ಹಾರ್ಟ್‌ಫರ್ಡ್‌ನಲ್ಲೇ ಉಳಿದರು. ಹಣ ಇರಲಿಲ್ಲ. 1909ರಲ್ಲಿ ಆತ್ಮಕತೆ ಅಚ್ಚಾಯಿತು.

1912ರ ಮಾರ್ಚಿನಲ್ಲಿ ಚೀನೀ ಗಣರಾಜ್ಯದ ಮೊದಲ ಪ್ರಧಾನಿಯಾದವರು ಟಾಂಗ್ ಶಾವೊಯಿ, ಯುಂಗ್ ವಿಂಗ್ ಕರೆತಂದಿದ್ದ 120 ಹುಡುಗರಲ್ಲಿ ಒಬ್ಬರು. ಏಪ್ರಿಲ್ 21ರಂದು ಯುಂಗ್ ವಿಂಗ್ ತೀರಿಕೊಂಡರು. ಹಾರ್ಟ್‌ಫರ್ಡ್‌ನ ಸೀಡರ್ ಹಿಲ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಚೀನೀಯರಿಗೆ ಅಮೆರಿಕದ ಪೌರತ್ವ ಕೊಡಬಹುದು ಅಂತ ಕಾನೂನು ಬದಲಾದದ್ದು 1943ರಲ್ಲಿ. ವರ್ಷಕ್ಕೆ ಒಳಗೆ ಬಿಡೋ ಕೋಟಾ 105 ಜನ.